ಹರಸುವುದೂ ಹರಕೆ ಹೊರುವುದೂ

ಮಗುವಿನ ತಲೆಯ ಮೇಲೆ ಕೈಯಿಟ್ಟು, ಸತ್ಯವೇದದ ಒಂದು ವಾಕ್ಯವನ್ನು ಹೇಳಿ ಪ್ರಾರ್ಥಿಸುವ ರೂಢಿ ನಮ್ಮ ಕ್ರೈಸ್ತ ಮನೆಗಳಲ್ಲಿ ಬಹಳ ಹಳೆಯದು. ಈಚಿನ ವರ್ಷಗಳಲ್ಲಿ ಅದು ಒಂದು ಹೊಸ ರೂಪವನ್ನು ಪಡೆದಿದೆ. ವಾಕ್ಯದಲ್ಲಿ ‘ನೀನು’, ‘ನೀವು’ ಎಂದಿರುವ ಕಡೆ ಮಗುವಿನ ಹೆಸರನ್ನು ಸೇರಿಸಿಕೊಂಡು, ದಿನಕ್ಕೊಂದರಂತೆ ತಿಂಗಳಿಡೀ ಹೇಳುವುದಕ್ಕೆ ಪಟ್ಟಿಗಳು ಸಿದ್ಧವಾಗಿ ದೊರೆಯುತ್ತವೆ. ನನ್ನ ತಂಗಿಯ ಮಗಳು ಅಂಥದೊಂದು ಪಟ್ಟಿಯನ್ನು ಕಳುಹಿಸಿ, “ದೊಡ್ಡಮ್ಮ, ಇದನ್ನು ದಿನವೂ ಹೇಳುತ್ತಿದ್ದೇನೆ. ನಿಮ್ಮ ಅಭಿಪ್ರಾಯವೇನು?” ಎಂದು ಕೇಳಿದ್ದಾಳೆ. ಅವಳ ವಯಸ್ಸಿನ ತಾಯಂದಿರೂ ತಂದೆಯರೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿರುವುದರಿಂದ, ಅವಳೊಬ್ಬಳಿಗೇ ಉತ್ತರಿಸುವ ಬದಲು ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಬಹುಮಂದಿ ಕ್ರೈಸ್ತರಲ್ಲ ಎಂಬುದನ್ನು ಬಲ್ಲೆ. ಆದರೂ ವಿಷಯ ನಿಮಗೆ ದೂರದ್ದೆನಿಸಲಾರದು. ಪರೀಕ್ಷೆಯ ದಿನ ತಾಯಿಯ ಕಾಲುಮುಟ್ಟಿ ಬಂದವರೂ, ಅಜ್ಜಿ ಹಣೆಗಿಟ್ಟ ಕುಂಕುಮದೊಂದಿಗೆ ಬಂದವರೂ, ದರ್ಗಾದಿಂದ ತಂದ ದಾರವನ್ನು ಕೈಗೆ ಕಟ್ಟಿಕೊಂಡು ಬಂದವರೂ ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿದ್ದರು. ನಮ್ಮ ಕನ್ನಡದಲ್ಲಿ ‘ಹರಕೆ’ ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ಹಿರಿಯರು ಮನಸಾರೆ ಹರಸಿದರೆ ಅದೂ ಹರಕೆ. ಇಂಥದನ್ನು ನಡೆಸಿಕೊಟ್ಟರೆ ಇಂಥದನ್ನು ಸಲ್ಲಿಸುತ್ತೇನೆ ಎಂದು ದೇವರೊಡನೆ ಮಾಡಿಕೊಳ್ಳುವ ಒಪ್ಪಂದವೂ ಹರಕೆ. ಮೊದಲನೆಯದರಲ್ಲಿ ಕೊಡುವುದು ಮಾತ್ರ ಇದೆ, ಎರಡನೆಯದರಲ್ಲಿ ಲೆಕ್ಕವಿದೆ. ಮಕ್ಕಳಿಗಾಗಿ ವಾಕ್ಯವನ್ನು ಹೇಳಿ ಪ್ರಾರ್ಥಿಸುವವರು ತಾವು ಈ ಎರಡರಲ್ಲಿ ಯಾವುದನ್ನು ಮಾಡುತ್ತಿದ್ದೇವೆಂದು ಆಗಾಗ ಕೇಳಿಕೊಳ್ಳಬೇಕು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಮೊದಲು ಈ ರೂಢಿಯ ಹಿನ್ನೆಲೆಯನ್ನು ನೋಡೋಣ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ಮೋಶೆಯು ಇಸ್ರಾಯೇಲ್ಯರಿಗೆ, ದೇವರ ಮಾತುಗಳನ್ನು ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳೊಡನೆ ಆಡುತ್ತಿರಬೇಕೆಂದು ವಿಧಿಸುತ್ತಾನೆ. ಯೆಹೂದ್ಯರ ಮನೆಗಳಲ್ಲಿ ಶುಕ್ರವಾರ ಸಂಜೆ ಸಬ್ಬತ್ತು ಆರಂಭವಾಗುವಾಗ ತಂದೆತಾಯಿಗಳು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುವ ಸಂಪ್ರದಾಯ ಇಂದಿಗೂ ಇದೆ. ಗಂಡುಮಕ್ಕಳನ್ನು ಎಫ್ರಾಯೀಮ್ ಮತ್ತು ಮನಸ್ಸೆಯರಂತೆ ಆಗಲೆಂದೂ, ಹೆಣ್ಣುಮಕ್ಕಳನ್ನು ಸಾರಾ, ರೆಬೆಕ್ಕ, ರಾಹೇಲ್, ಲೇಯಾ ಎಂಬ ಮೂಲಮಾತೆಯರಂತೆ ಆಗಲೆಂದೂ ಹರಸಿ, ಬಳಿಕ ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿರುವ ಯಾಜಕರ ಆಶೀರ್ವಾದವನ್ನು ಹೇಳುತ್ತಾರೆ. ಜರ್ಮನಿಯ ಮಾರ್ಟಿನ್ ಲೂಥರನು 1529ರಲ್ಲಿ ಪ್ರಕಟಿಸಿದ ಕಿರಿಯ ಪ್ರಶ್ನೋತ್ತರ ಗ್ರಂಥದಲ್ಲಿ, ಮನೆಯ ಯಜಮಾನನು ಮನೆಮಂದಿಗೆ ಕಲಿಸಬೇಕಾದ ಬೆಳಗಿನ ಹಾಗೂ ರಾತ್ರಿಯ ಪ್ರಾರ್ಥನೆಗಳನ್ನು ಸೇರಿಸಿದನು.

ನಮ್ಮ ನಾಡಿನಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಬಂದಿತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರಿಂದ ಬೆಳೆದ ಸಭೆಗಳಲ್ಲಿ ಕುಟುಂಬ ಪ್ರಾರ್ಥನೆ ಊಟದಷ್ಟೇ ನಿತ್ಯದ ಕೆಲಸವಾಯಿತು. ನಾನು ಬೆಳೆದದ್ದು ಅಂಥ ಒಂದು ಮನೆಯಲ್ಲಿ. ಮನೆಯ ಮಾತು ತುಳು. ಪ್ರಾರ್ಥನೆಯ ಮಾತು ಕನ್ನಡ. ಹಗಲಿಡೀ ತುಳುವಿನಲ್ಲಿ ಗದರುತ್ತಿದ್ದ ನಮ್ಮ ತಾಯಿ ರಾತ್ರಿ ದೀಪದೆದುರು ಗ್ರಂಥಸ್ಥ ಕನ್ನಡದಲ್ಲಿ ನಮ್ಮನ್ನು ಹರಸುವಾಗ, ಆ ಮಾತು ಅವರದಲ್ಲ, ಅವರಿಗಿಂತ ದೊಡ್ಡ ಕಡೆಯಿಂದ ಬಂದದ್ದು ಎಂದು ನಮಗೆ ಚಿಕ್ಕಂದಿನಲ್ಲಿಯೇ ತಿಳಿಯುತ್ತಿತ್ತು. ನನಗೆ ಕನ್ನಡದ ಮೇಲೆ ಪ್ರೀತಿ ಹುಟ್ಟಿದ್ದಕ್ಕೂ ಅದೇ ಕಾರಣವಿರಬಹುದು.

ವಾಕ್ಯದೊಳಗೆ ಮಗುವಿನ ಹೆಸರನ್ನು ಸೇರಿಸುವ ಪದ್ಧತಿ ಇಷ್ಟು ವ್ಯಾಪಕವಾದುದರಲ್ಲಿ ಅಮೆರಿಕದ ಪುಸ್ತಕಗಳ ಪಾಲು ದೊಡ್ಡದು. ಸ್ಟೋರ್ಮಿ ಓಮಾರ್ಟಿಯನ್ ಎಂಬ ಲೇಖಕಿ 1995ರಲ್ಲಿ ಪ್ರಕಟಿಸಿದ ‘ದಿ ಪವರ್ ಆಫ್ ಎ ಪ್ರೇಯಿಂಗ್ ಪೇರೆಂಟ್’ ಅವುಗಳಲ್ಲಿ ಬಹಳ ಪ್ರಸಿದ್ಧವಾದುದು. ಅಂಥ ಪುಸ್ತಕಗಳನ್ನು ನಾನು ತಿರಸ್ಕರಿಸುವುದಿಲ್ಲ. ದಣಿದ ತಾಯಿಗೆ ರಾತ್ರಿ ಹತ್ತು ಗಂಟೆಗೆ ಸ್ವಂತ ಮಾತು ಹೊಳೆಯುವುದಿಲ್ಲ. ಹೊಳೆದರೂ ಅದು ಅಂದಿನ ಚಿಂತೆಯ ಸುತ್ತಲೇ ಸುತ್ತುತ್ತದೆ: ಶುಲ್ಕ, ಕೆಮ್ಮು, ಗಣಿತದ ಅಂಕ. ಎರಡು ಮೂರು ಸಾವಿರ ವರ್ಷಗಳಿಂದ ಜನರು ಹೇಳಿಕೊಂಡು ಬಂದ ಮಾತನ್ನು ಎರವಲು ಪಡೆದರೆ ಪ್ರಾರ್ಥನೆ ನಮ್ಮ ಚಿಂತೆಗಿಂತ ವಿಸ್ತಾರವಾಗುತ್ತದೆ. ಆದ್ದರಿಂದ ವಾಕ್ಯವನ್ನು ಹೇಳಿ ಪ್ರಾರ್ಥಿಸುವುದನ್ನು ನಾನು ಸಂಪೂರ್ಣವಾಗಿ ಸಮರ್ಥಿಸುತ್ತೇನೆ. ನನ್ನ ತಕರಾರು ಇರುವುದು ವಾಕ್ಯವನ್ನು ಆರಿಸುವ ರೀತಿಯ ಬಗ್ಗೆ ಮತ್ತು ಅದನ್ನು ಹಿಡಿಯುವ ರೀತಿಯ ಬಗ್ಗೆ.

ಪಟ್ಟಿಗಳಲ್ಲಿ ತಪ್ಪದೆ ಕಾಣುವ ಒಂದು ವಾಕ್ಯವನ್ನು ತೆಗೆದುಕೊಳ್ಳಿ: ಯೆರೆಮೀಯ 29ನೆಯ ಅಧ್ಯಾಯದ 11ನೆಯದು. ದೇವರ ಆಲೋಚನೆಗಳು ಕೇಡಿನವಲ್ಲ, ಹಿತದವು, ಮುಂದಿನ ಕಾಲಕ್ಕೆ ನಿರೀಕ್ಷೆಯನ್ನು ಕೊಡುವಂಥವು ಎಂಬುದು ಅದರ ಸಾರಾಂಶ. ಎಸ್ಸೆಸ್ಸೆಲ್ಸಿ ಪ್ರವೇಶಪತ್ರದ ಹಿಂಬದಿಯಲ್ಲಿ ಇದನ್ನು ಬರೆದುಕೊಂಡು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಆದರೆ ಈ ಮಾತು ಯಾರಿಗೆ ಹೇಳಿದ್ದು? ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸನು ಯೆರೂಸಲೇಮಿನಿಂದ ಸೆರೆಯೊಯ್ದ ಜನರಿಗೆ ಪ್ರವಾದಿ ಬರೆದ ಪತ್ರದ ಭಾಗವಿದು. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆಂದು ಹನನ್ಯನೆಂಬವನು ಆಗಲೇ ಸಾರಿದ್ದನು. ಜನರಿಗೆ ಅದು ಹಿತವಾಗಿಯೂ ಇದ್ದಿತು. ಯೆರೆಮೀಯನು ಬರೆದದ್ದು ಬೇರೆ. ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಏಕೆಂದರೆ ಎಪ್ಪತ್ತು ವರ್ಷ ಹಿಡಿಯುತ್ತದೆ ಎಂದು ಅವನು ತಿಳಿಸಿದನು. ಪತ್ರವನ್ನು ಓದಿಸಿಕೊಂಡು ಕೇಳಿದ ವಯಸ್ಕರಲ್ಲಿ ಹೆಚ್ಚಿನವರು ಹಿಂದಿರುಗುವ ದಿನವನ್ನು ಕಾಣದೆಯೇ ತೀರಿಕೊಳ್ಳಬೇಕಾಗಿದ್ದಿತು.

ವ್ಯಾಕರಣದ ಮೇಷ್ಟರಿಗೆ ಇಲ್ಲಿ ಇನ್ನೊಂದು ಸೂಕ್ಷ್ಮ ಕಾಣುತ್ತದೆ. ಇಂಗ್ಲಿಷಿನಲ್ಲಿ ‘ಯೂ’ ಎಂದರೆ ಒಬ್ಬನೋ ಹಲವರೋ ತಿಳಿಯದು. ಇಂಗ್ಲಿಷ್ ಪಟ್ಟಿಗಳಿಂದ ಈ ಪದ್ಧತಿ ಬಂದಾಗ ಆ ಭೇದವೂ ಮರೆಯಾಯಿತು. ಹೀಬ್ರೂ ಮೂಲದಲ್ಲಿ ಈ ವಾಕ್ಯ ಬಹುವಚನದಲ್ಲಿದೆ. ಅದು ಒಂದು ಜನಾಂಗಕ್ಕೆ ಹೇಳಿದ ಮಾತು. ಅದರಲ್ಲಿ ‘ನೀವು’ ತೆಗೆದು ಒಂದು ಮಗುವಿನ ಹೆಸರನ್ನು ಇಟ್ಟೊಡನೆ, ಎಪ್ಪತ್ತು ವರ್ಷಗಳ ತಾಳ್ಮೆಯನ್ನು ಕಲಿಸುವ ವಾಕ್ಯ ಮಾರ್ಚ್ ತಿಂಗಳ ಪರೀಕ್ಷೆಯ ಭರವಸೆಯಾಗಿಬಿಡುತ್ತದೆ. ಯೆರೆಮೀಯನ ಬಾಯಿಯಿಂದ ನಾವು ಹನನ್ಯನ ಮಾತನ್ನು ಹೊರಡಿಸಿದಂತಾಗುತ್ತದೆ. ಹಾಗಾದರೆ ಮಕ್ಕಳಿಗಾಗಿ ಈ ವಾಕ್ಯವನ್ನು ಹೇಳಬಾರದೇ? ಹೇಳಬಹುದು. ಇಡೀ ಪತ್ರವನ್ನು ಓದಿ ಹೇಳಬೇಕು. ದುಬೈಯಲ್ಲಿಯೋ ಬೆಂಗಳೂರಿನಲ್ಲಿಯೋ ಮನಸ್ಸು ನಿಲ್ಲದೆ ಒದ್ದಾಡುತ್ತಿರುವ ಮಗನಿಗಾಗಿ, “ಇವನು ಇರುವ ಊರಿನಲ್ಲೇ ಬೇರುಬಿಡಲಿ, ಆ ಊರಿಗೆ ಇವನಿಂದ ಒಳ್ಳೆಯದಾಗಲಿ” ಎಂದು ತಾಯಿ ಪ್ರಾರ್ಥಿಸಿದರೆ ಅದು ಯೆರೆಮೀಯನ ಪತ್ರಕ್ಕೆ ಒಪ್ಪುವ ಪ್ರಾರ್ಥನೆ.

ಇನ್ನೊಂದು ವಾಕ್ಯ ಜ್ಞಾನೋಕ್ತಿಗಳು 22ನೆಯ ಅಧ್ಯಾಯದ 6ನೆಯದು. ಎಳೆಯ ವಯಸ್ಸಿನಲ್ಲಿ ಕಲಿತ ದಾರಿಯನ್ನು ಮನುಷ್ಯನು ಮುಪ್ಪಿನಲ್ಲಿಯೂ ಬಿಡುವುದಿಲ್ಲ ಎಂಬ ಅರ್ಥದ್ದು. ಅನೇಕ ತಂದೆತಾಯಿಗಳು ಇದನ್ನು ದೇವರು ಬರೆದುಕೊಟ್ಟ ಕರಾರುಪತ್ರದಂತೆ ಹಿಡಿದುಕೊಳ್ಳುತ್ತಾರೆ. ಗ್ರಂಥದ ಹೆಸರನ್ನು ಗಮನಿಸಿರಿ: ಅದು ಜ್ಞಾನೋಕ್ತಿಗಳ ಸಂಗ್ರಹ, ನಾವು ಗಾದೆ ಎನ್ನುವ ಜಾತಿಯದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ನಾವೂ ಹೇಳುತ್ತೇವೆ. ಲೋಕಾನುಭವದ ಮಾತದು. ಬಗ್ಗಿಸಿದ ಗಿಡವೆಲ್ಲ ಬಗ್ಗಿದ ಮರವೇ ಆಗುತ್ತದೆಂದು ಯಾರೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ. ಅದೇ ಸತ್ಯವೇದದಲ್ಲಿ ಯಾಜಕನಾದ ಏಲಿಯ ಮಕ್ಕಳು ದುಷ್ಟರಾದರು. ತಾಯಿಯ ಪ್ರಾರ್ಥನೆಯ ಫಲವಾಗಿ ಹುಟ್ಟಿದ ಸಮುವೇಲನು ದೊಡ್ಡ ಪ್ರವಾದಿಯಾದನು. ಆದರೆ ಅವನ ಮಕ್ಕಳು ನ್ಯಾಯಾಧಿಪತಿಗಳಾಗಿ ಲಂಚ ತಿಂದರು. ಇದನ್ನು ಮುಚ್ಚಿಡದೆ ಬರೆದಿರುವುದೇ ಆ ಗ್ರಂಥದ ಮೇಲೆ ನನಗಿರುವ ಗೌರವಕ್ಕೆ ಒಂದು ಕಾರಣ.

ಮೂರನೆಯದು 91ನೆಯ ಕೀರ್ತನೆ. ಅಪಾಯದಿಂದ ಕಾಯುವ ದೇವರನ್ನು ಹೊಗಳುವ ಹಾಡು. ಮಕ್ಕಳು ಪ್ರಯಾಣ ಹೊರಟಾಗ ಇದನ್ನು ಓದದ ಮನೆ ನಮ್ಮಲ್ಲಿ ವಿರಳ. ಆದರೆ ಈ ಕೀರ್ತನೆಯನ್ನು ಸುವಾರ್ತೆಗಳಲ್ಲಿ ಉದಾಹರಿಸುವವನು ಯಾರೆಂದು ನೋಡಿರಿ. ಯೇಸುವನ್ನು ದೇವಾಲಯದ ಎತ್ತರದ ಮೇಲೆ ನಿಲ್ಲಿಸಿ, ಇಲ್ಲಿಂದ ಧುಮುಕು, ದೇವದೂತರು ನಿನ್ನನ್ನು ಹಿಡಿಯುತ್ತಾರೆಂದು ಬರೆದಿದೆಯಲ್ಲ ಎಂದು ಹೇಳುವವನು ಸೈತಾನ. ಅವನು ಹೇಳಿದ ವಾಕ್ಯ ಸುಳ್ಳಲ್ಲ. ಅದನ್ನು ದೇವರ ಮೇಲೆ ಪ್ರಯೋಗಿಸಲು ಹೊರಟಿದ್ದು ತಪ್ಪು. ಯೇಸು ಉತ್ತರವಾಗಿ, ದೇವರನ್ನು ಪರೀಕ್ಷಿಸಬಾರದೆಂಬ ಮಾತನ್ನು ಎತ್ತಿಹೇಳುತ್ತಾನೆ. ಆ ಮಾತು ಎಲ್ಲಿಯದು ಗೊತ್ತೇ? ಧರ್ಮೋಪದೇಶಕಾಂಡದ ಅದೇ 6ನೆಯ ಅಧ್ಯಾಯದ್ದು. ಮಕ್ಕಳಿಗೆ ವಾಕ್ಯಗಳನ್ನು ಕಲಿಸಿರಿ ಎಂಬ ಆಜ್ಞೆ 7ನೆಯ ವಚನದಲ್ಲಿದ್ದರೆ, ವಾಕ್ಯದ ಬಲದಿಂದ ದೇವರ ಕೈ ತಿರುಚಬೇಡಿರಿ ಎಂಬ ಎಚ್ಚರಿಕೆ 16ನೆಯ ವಚನದಲ್ಲಿದೆ. ಅವೆರಡರ ನಡುವೆ ಇರುವುದು ಎಂಟೇ ವಚನಗಳು. ಮೊದಲನೆಯದನ್ನು ಓದಿ ಪುಸ್ತಕ ಮುಚ್ಚುವುದು ಸರಿಯಲ್ಲ.

ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆಯ ಬಳಿಕ ಮಕ್ಕಳಿಂದ ವಾಗ್ದಾನದ ಚೀಟಿ ತೆಗೆಸುವ ಪದ್ಧತಿಯೂ ಇದೆಯಷ್ಟೆ. ಮಕ್ಕಳಿಗೆ ಅದು ಸಂತೋಷದ ಸಂಗತಿ, ಬೇಡವೆನ್ನಲಾರೆ. ಆದರೆ ಇಷ್ಟು ವರ್ಷಗಳಲ್ಲಿ ಆ ಡಬ್ಬಿಯೊಳಗಿಂದ ಯೋಬನ ಹುಣ್ಣಿನ ಚೀಟಿ ಬಂದದ್ದನ್ನು ನಾನು ಕಂಡಿಲ್ಲ. ಸಿಹಿಯನ್ನಷ್ಟೇ ಆರಿಸಿ ತುಂಬಿದ ಡಬ್ಬಿಯಿಂದ ಸಿಹಿಯೇ ಬರುತ್ತದೆ.

ಇದೆಲ್ಲ ಪಂಡಿತರ ಚರ್ಚೆಯೆಂದು ಬಿಡುವಂತಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಇದರಿಂದ ಮಕ್ಕಳಿಗೂ ದೊಡ್ಡವರಿಗೂ ಆಗುವ ನೋವನ್ನು ಕಣ್ಣಾರೆ ಕಂಡದ್ದರಿಂದ ಬರೆಯಬೇಕಾಯಿತು.

ಬಹಳ ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಸಾಧಾರಣ, ಕೈಕೆಲಸದಲ್ಲಿ ಬಲು ಜಾಣ. ಶಾಲೆಯ ಕೆಟ್ಟ ಗಂಟೆಯನ್ನೂ ಮೈಕನ್ನೂ ಅವನೇ ಸರಿಪಡಿಸುತ್ತಿದ್ದ. ಪರೀಕ್ಷೆ ಹತ್ತಿರ ಬಂದಂತೆ ಅವನು ಸೊರಗತೊಡಗಿದ. ಕರೆದು ವಿಚಾರಿಸಿದೆ. “ಪರೀಕ್ಷೆಗೆ ಹೆದರಿಕೆಯಿಲ್ಲ ಟೀಚರ್, ರಾತ್ರಿಯ ಪ್ರಾರ್ಥನೆಗೆ ಹೆದರಿಕೆ” ಎಂದ. ಮನೆಯಲ್ಲಿ ಪ್ರತಿರಾತ್ರಿ ಅವನನ್ನು ನಡುವೆ ಕೂರಿಸಿ, ತಲೆಯ ಮೇಲೆ ಕೈಯಿಟ್ಟು, ಇವನ ಸೋಮಾರಿತನವನ್ನು ತೊಲಗಿಸು, ಇವನ ಮೊಂಡು ಬುದ್ಧಿಯನ್ನು ತಿದ್ದು, ಇವನನ್ನು ಬಾಲವಲ್ಲ ತಲೆಯನ್ನಾಗಿ ಮಾಡು ಎಂದು ವಾಕ್ಯಗಳ ಸಹಿತ ಪ್ರಾರ್ಥಿಸುತ್ತಿದ್ದರಂತೆ. ಪ್ರಾರ್ಥನೆ ದೇವರ ಕಡೆ ಮುಖಮಾಡಿದ್ದರೂ ಬೈಗುಳ ಅವನ ಕಡೆಗೇ ಇತ್ತು. ಸಾಮಾನ್ಯ ಬೈಗುಳಕ್ಕಾದರೆ ಹುಡುಗ ಎದುರಾಡಬಹುದು, ಮುನಿಸಿಕೊಂಡು ಎದ್ದು ಹೋಗಬಹುದು. ಕಣ್ಣು ಮುಚ್ಚಿ ಕೂತಾಗ ದೇವರ ಹೆಸರಿನಲ್ಲಿ ಬರುವ ಬೈಗುಳಕ್ಕೆ ಅವನು ಎಲ್ಲಿಗೆ ಹೋಗಬೇಕು? ಆ ಮನೆಯವರು ಕೆಟ್ಟವರಲ್ಲ. ಮಗನಿಗಾಗಿ ಜೀವವನ್ನೇ ತೇಯುತ್ತಿದ್ದವರು. ಆದರೆ ಅವರ ಕೈ ಆ ತಲೆಯ ಮೇಲೆ ಭಾರವಾಗಿ ಕೂತಿತ್ತು.

ಇನ್ನೊಂದು ಸಂಗತಿಯನ್ನು ಹೇಳುವಾಗ ಇಂದಿಗೂ ನನ್ನ ಕೈ ನಡುಗುತ್ತದೆ. ನಮ್ಮ ಬಂಧುಗಳ ಮನೆಯಲ್ಲಿ ಆರು ವರ್ಷದ ಮಗುವೊಂದು ಜ್ವರದಿಂದ ತೀರಿಕೊಂಡಿತು. ಔಷಧವನ್ನೂ ಮಾಡಿದ್ದರು, ಹಗಲಿರುಳು ಪ್ರಾರ್ಥನೆಯನ್ನೂ ಮಾಡಿದ್ದರು. ಸಾಂತ್ವನ ಹೇಳಲು ಬಂದ ಹಿರಿಯರೊಬ್ಬರು, ವಾಕ್ಯವನ್ನು ಪೂರ್ಣ ನಂಬಿಕೆಯಿಂದ ಹೇಳಿದ್ದರೆ ಮಗು ಉಳಿಯುತ್ತಿತ್ತೆಂಬ ಮಾತನ್ನು ಆ ತಾಯಿಯ ಎದುರೇ ಆಡಿದರು. ಆಕೆ ಅನಂತರ ಎಷ್ಟೋ ವರ್ಷ ತನ್ನ ನಂಬಿಕೆಯಲ್ಲಿ ಎಲ್ಲಿ ಬಿರುಕಿತ್ತೆಂದು ಹುಡುಕುತ್ತಲೇ ಕಳೆದಳು. ಮಗುವನ್ನು ಕಳೆದುಕೊಂಡ ದುಃಖದ ಮೇಲೆ ಮಗುವನ್ನು ತಾನೇ ಕೊಂದೆನೆಂಬ ಅಪರಾಧಭಾವ. ಇದಕ್ಕಿಂತ ಕ್ರೂರವಾದ ಮಾತು ಇನ್ನಾವುದಿದೆ?

ಆ ಹಿರಿಯರು ಯೋಬನ ಗ್ರಂಥವನ್ನು ಓದಿರಲೇಬೇಕು. ಯೋಬನಿಗೆ ಏಳು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಮಕ್ಕಳು ತಿಳಿಯದೆ ಏನಾದರೂ ತಪ್ಪು ಮಾಡಿರಬಹುದೆಂದು ಅವನು ಮುಂಜಾನೆ ಎದ್ದು ಒಬ್ಬೊಬ್ಬರ ಲೆಕ್ಕಕ್ಕೆ ಒಂದೊಂದು ಹೋಮವನ್ನು ಅರ್ಪಿಸುತ್ತಿದ್ದನು. ಲೋಕದ ಸಾಹಿತ್ಯದಲ್ಲಿ ಮಕ್ಕಳಿಗಾಗಿ ಇಷ್ಟು ನಿಷ್ಠೆಯಿಂದ ಪ್ರಾರ್ಥಿಸಿದ ತಂದೆ ವಿರಳ. ಆದರೂ ಬಿರುಗಾಳಿಗೆ ಮನೆ ಕುಸಿದು ಹತ್ತು ಮಕ್ಕಳೂ ಒಂದೇ ದಿನ ಸತ್ತರು. ಆಗ ಬಿಲ್ದದನೆಂಬ ಸ್ನೇಹಿತನು, ನಿನ್ನ ಮಕ್ಕಳು ಪಾಪ ಮಾಡಿದ್ದರಿಂದಲೇ ಹೀಗಾಯಿತೆಂಬ ಧಾಟಿಯಲ್ಲಿ ಮಾತಾಡುತ್ತಾನೆ. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ಇಂಥ ವಿವರಣೆ ಕೊಟ್ಟ ಸ್ನೇಹಿತರ ಮೇಲೆ. ಮಕ್ಕಳನ್ನು ಕಳೆದುಕೊಂಡ ಯಾವ ತಂದೆತಾಯಿಯ ಮುಂದೆಯೂ ಬಿಲ್ದದನ ಮಾತನ್ನು ಆಡಬೇಡಿರಿ. ಯಾರಾದರೂ ಆಡಿದರೆ ಅವರನ್ನು ಅಲ್ಲಿಯೇ ತಡೆಯಿರಿ. ಇದು ನಿಮ್ಮ ಹಳೆಯ ಟೀಚರ ವಿನಂತಿಯಲ್ಲ, ಆಜ್ಞೆಯೆಂದೇ ತಿಳಿಯಿರಿ.

ಹಾಗಾದರೆ ಯಾವ ವಾಕ್ಯವನ್ನು ಹೇಳಬೇಕು, ಹೇಗೆ ಹೇಳಬೇಕು? ಅರಣ್ಯಕಾಂಡದ ಆ ಆಶೀರ್ವಾದದತ್ತ ಮತ್ತೊಮ್ಮೆ ಬರೋಣ. ಹೀಬ್ರೂ ಭಾಷೆಯಲ್ಲಿ ಅದು ಮೂರೇ ಸಾಲುಗಳು. ಮೊದಲನೆಯದರಲ್ಲಿ ಮೂರು, ಎರಡನೆಯದರಲ್ಲಿ ಐದು, ಮೂರನೆಯದರಲ್ಲಿ ಏಳು ಪದಗಳು. ಮೆಟ್ಟಿಲು ಇಳಿದು ಬರುವಂತೆ ಒಂದೊಂದು ಸಾಲು ಹಿಂದಿನದಕ್ಕಿಂತ ಉದ್ದ. ಇಡೀ ಜನಾಂಗಕ್ಕೆ ಹೇಳಬೇಕಾದ ಆಶೀರ್ವಾದವಾದರೂ ಮೂಲದಲ್ಲಿ ಅದು ಏಕವಚನದಲ್ಲಿದೆ. ಒಬ್ಬೊಬ್ಬರನ್ನೂ ‘ನೀನು’ ಎಂದು ಕರೆದು ಹರಸುತ್ತದೆ. ಹಾಗಾಗಿ ಅದನ್ನು ಒಂದು ಮಗುವಿಗೆ ಹೇಳಲು ಏನನ್ನೂ ತಿದ್ದಬೇಕಾಗಿಲ್ಲ. ಅದರಲ್ಲಿ ಬೇಡುವುದೇನು? ಕಾಪು, ಕೃಪೆ, ಮುಖದ ಬೆಳಕು, ಕೊನೆಗೆ ಸಮಾಧಾನ. ಮಗು ಇಂಥದಾಗಬೇಕು, ಇಂಥದನ್ನು ಗೆಲ್ಲಬೇಕು ಎಂಬ ಒಂದೇ ಒಂದು ಷರತ್ತು ಅದರಲ್ಲಿಲ್ಲ. ಮಗು ಪಾಸಾದ ದಿನವೂ ಹೇಳಬಹುದು, ನಪಾಸಾದ ದಿನವೂ ಹೇಳಬಹುದು. ಮಗು ಮನೆಯಲ್ಲಿರುವಾಗಲೂ, ಮುನಿಸಿಕೊಂಡು ಮನೆ ಬಿಟ್ಟು ಹೋದಾಗಲೂ ಹೇಳಬಹುದು.

ಆ ಆಶೀರ್ವಾದದ ಕೊನೆಗೆ ಒಂದು ವಿವರಣೆಯಿದೆ. ಯಾಜಕರು ಹೀಗೆ ಹರಸುವಾಗ ದೇವರ ಹೆಸರನ್ನು ಜನರ ಮೇಲೆ ಇಟ್ಟಂತಾಗುತ್ತದೆ ಎಂದು. ಈ ಮಾತನ್ನು ಓದಿದಾಗ ನನ್ನ ವಿಚಾರ ಸ್ಪಷ್ಟವಾಯಿತು. ಇಂದಿನ ಪಟ್ಟಿಗಳು ವಾಕ್ಯದ ಮೇಲೆ ಮಗುವಿನ ಹೆಸರನ್ನು ಇಡುತ್ತವೆ. ಹಳೆಯ ಆಶೀರ್ವಾದ ಮಗುವಿನ ಮೇಲೆ ದೇವರ ಹೆಸರನ್ನು ಇಡುತ್ತದೆ. ಮೊದಲನೆಯದರಲ್ಲಿ ವಾಕ್ಯವನ್ನು ನಮ್ಮ ಮಗುವಿನ ಸೊತ್ತಾಗಿ ಬರೆಯಿಸಿಕೊಳ್ಳುವ ಆತುರ ಸುಲಭವಾಗಿ ಸೇರಿಕೊಳ್ಳುತ್ತದೆ. ಎರಡನೆಯದರಲ್ಲಿ ಈ ಮಗು ನಮ್ಮದು ಮಾತ್ರವಲ್ಲ ಎಂದು ಪ್ರತಿರಾತ್ರಿ ಒಪ್ಪಿಕೊಳ್ಳುವ ಬಿಡುಗಡೆಯಿದೆ.

ಪ್ರಾಚೀನರಿಗೂ ಈ ಗೊಂದಲ ಇರಲಿಲ್ಲವೆಂದಲ್ಲ. 1979ರಲ್ಲಿ ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿ ಪುರಾತತ್ತ್ವಜ್ಞ ಗೇಬ್ರಿಯಲ್ ಬರ್ಕಾಯ್ ಅವರ ತಂಡಕ್ಕೆ ಹಳೆಯ ಸಮಾಧಿಯೊಂದರಲ್ಲಿ ಎರಡು ಪುಟ್ಟ ಬೆಳ್ಳಿಯ ಸುರುಳಿಗಳು ದೊರೆತವು. ಬಿಡಿಸಿದಾಗ ದೊಡ್ಡದು ಸುಮಾರು 10 ಸೆಂಟಿಮೀಟರ್, ಚಿಕ್ಕದು ಸುಮಾರು 4 ಸೆಂಟಿಮೀಟರ್ ಉದ್ದ. ಅವುಗಳ ಮೇಲೆ ಇದೇ ಆಶೀರ್ವಾದದ ಪದಗಳನ್ನು ಗೀರಿ ಬರೆದಿತ್ತು. ಕಾಲ ಕ್ರಿ.ಪೂ. 600ರ ಆಸುಪಾಸು, ಅಂದರೆ ಮೃತಸಮುದ್ರದ ಸುರುಳಿಗಳಿಗಿಂತಲೂ ಶತಮಾನಗಳಷ್ಟು ಹಳೆಯದು. ಯೆರೆಮೀಯನು ಬದುಕಿದ್ದ ಕಾಲ, ಅವನು ನಡೆದಾಡಿದ ಊರು. ಅವನ್ನು ತಾಯಿತದಂತೆ ಮೈಮೇಲೆ ಧರಿಸುತ್ತಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ಆ ಊರು ಅದೇ ಕಾಲದಲ್ಲಿ ಬಾಬಿಲೋನಿನವರ ಕೈಯಲ್ಲಿ ಸುಟ್ಟುಹೋಯಿತು. ತಾಯಿತ ಗೋಡೆಯನ್ನು ಕಾಯಲಿಲ್ಲ. ಆದರೆ ಧರಿಸಿದವರ ಸಂಗಡ ಆ ಹೆಸರು ಸಮಾಧಿಯವರೆಗೂ ಹೋಯಿತು. ಎರಡೂವರೆ ಸಾವಿರ ವರ್ಷಗಳಾದ ಮೇಲೂ ಓದುವಂತಿದೆ. ಆಶೀರ್ವಾದ ಮಾಡುವ ಕೆಲಸ ಇಷ್ಟೇ ಎಂದು ನನಗೆ ಅನ್ನಿಸುತ್ತದೆ. ಅದು ಎಲ್ಲವನ್ನೂ ತಡೆಯುವುದಿಲ್ಲ, ಎಲ್ಲದರಲ್ಲೂ ಜೊತೆಗಿರುತ್ತದೆ.

ಬೇಡಿದ್ದು ಸಿಗದಿದ್ದರೆ ಪ್ರಾರ್ಥನೆ ವ್ಯರ್ಥವಾಯಿತೇ ಎಂದು ಕೇಳುವವರಿಗೆ ನಾನು ಮೋನಿಕಳ ಕಥೆಯನ್ನು ಹೇಳುತ್ತೇನೆ. ಉತ್ತರ ಆಫ್ರಿಕದ ಆ ತಾಯಿ ದಾರಿತಪ್ಪಿದ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದಳು. 383ರಲ್ಲಿ ಅವನು ರೋಮಿಗೆ ಹೊರಟಾಗ, ಹೋಗಗೊಡಬೇಡವೆಂದು ಸಮುದ್ರತೀರದ ಗುಡಿಯೊಂದರಲ್ಲಿ ರಾತ್ರಿಯಿಡೀ ದೇವರನ್ನು ಬೇಡಿದಳು. ಬೆಳಗಾಗುವಷ್ಟರಲ್ಲಿ ಮಗ ಅವಳಿಗೆ ಸುಳ್ಳು ಹೇಳಿ ಹಡಗು ಹತ್ತಿ ಹೋಗಿದ್ದನು. ಆದರೆ ಇಟಲಿಯಲ್ಲಿಯೇ ಅವನಿಗೆ ಮಿಲಾನಿನ ಬಿಷಪ್ ಆಂಬ್ರೋಸನ ಭೇಟಿಯಾಯಿತು. 387ರ ಈಸ್ಟರಿನಲ್ಲಿ ಅವನಿಂದಲೇ ದೀಕ್ಷಾಸ್ನಾನವಾಯಿತು. ಆ ರಾತ್ರಿ ತಾಯಿ ಕೇಳಿದ್ದನ್ನು ದೇವರು ಕೊಡಲಿಲ್ಲ, ಆಕೆ ಜೀವಮಾನವಿಡೀ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿಯೇ ಅಂದಿನದನ್ನು ಕೊಡಲಿಲ್ಲ ಎಂದು ಅಗಸ್ಟೀನನೇ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದನು. ಎಲ್ಲ ತಾಯಂದಿರ ಕಥೆಯೂ ಹೀಗೆ ಮುಗಿಯುವುದಿಲ್ಲ. ನಾನು ಹಾಗೆ ಭರವಸೆ ಕೊಟ್ಟರೆ ಮತ್ತೊಂದು ಕರಾರುಪತ್ರವನ್ನೇ ಬರೆದಂತಾದೀತು. ಆದರೆ ಮಕ್ಕಳ ಹಿತದ ದಾರಿ ನಾವು ನಡುವೆ ಅಡ್ಡ ನಿಂತ ದಾರಿಯೇ ಆಗಿರಬಹುದೆಂಬ ವಿನಯವನ್ನು ಈ ಕಥೆ ಕಲಿಸುತ್ತದೆ.

ಯಾಕೋಬನು ಮೊಮ್ಮಕ್ಕಳನ್ನು ಹರಸಿದ ಪ್ರಸಂಗವೂ ಇಂಥದೇ. ಯೋಸೇಫನು ಹಿರಿಯ ಮಗ ಮನಸ್ಸೆಯನ್ನು ಅಜ್ಜನ ಬಲಗೈಯ ಬಳಿಗೂ ಕಿರಿಯ ಎಫ್ರಾಯೀಮನನ್ನು ಎಡಗೈಯ ಬಳಿಗೂ ಕ್ರಮವಾಗಿ ನಿಲ್ಲಿಸಿದನು. ಮುದುಕ ಕೈಗಳನ್ನು ಅಡ್ಡಡ್ಡವಾಗಿ ಚಾಚಿ ಬಲಗೈಯನ್ನು ಕಿರಿಯನ ತಲೆಯ ಮೇಲಿಟ್ಟನು. ತಂದೆ ಬೇಸರಗೊಂಡು ಕೈ ಸರಿಪಡಿಸಲು ಹೋದರೂ ಅಜ್ಜ ಒಪ್ಪಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳನ್ನು ಅಂಕಗಳ ಕ್ರಮದಲ್ಲಿ ಪಟ್ಟಿಮಾಡಿದವಳು ನಾನು. ಆಶೀರ್ವಾದ ನಾವು ನಿಲ್ಲಿಸಿದ ಸಾಲಿನ ಪ್ರಕಾರ ಹೋಗುವುದಿಲ್ಲವೆಂಬುದನ್ನು ನನ್ನ ಹಿಂದಿನ ಬೆಂಚಿನವರು, ಇಂದು ಹತ್ತಾರು ಜನರಿಗೆ ಅನ್ನ ಕೊಡುತ್ತಿರುವವರು, ನನಗೆ ತೋರಿಸಿಕೊಟ್ಟಿದ್ದಾರೆ.

ಕೊನೆಯದಾಗಿ, ಕೇಳಿದ್ದರಿಂದ ಕೆಲವು ಸಲಹೆಗಳನ್ನು ಹೇಳುತ್ತೇನೆ. ಯಾವ ವಾಕ್ಯವನ್ನಾದರೂ ಮಗುವಿಗಾಗಿ ಹೇಳುವ ಮೊದಲು ಆ ಅಧ್ಯಾಯವನ್ನು ಪೂರ್ತಿಯಾಗಿ ಒಮ್ಮೆ ಓದಿರಿ. ಯಾರು, ಯಾರಿಗೆ, ಯಾವ ಕಷ್ಟದಲ್ಲಿ ಹೇಳಿದ್ದೆಂದು ತಿಳಿಯಿರಿ. ಮಗುವಿನ ದೋಷಗಳ ಬಗ್ಗೆ ಪ್ರಾರ್ಥಿಸಬೇಕಾದರೆ ಹನ್ನಳಂತೆ ಪ್ರಾರ್ಥಿಸಿರಿ. ಅವಳ ತುಟಿಗಳು ಅಲುಗುತ್ತಿದ್ದವು, ಧ್ವನಿ ಕೇಳಿಸುತ್ತಿರಲಿಲ್ಲ. ಮಗುವಿನ ಕಿವಿಗೆ ಬೀಳುವ ಪ್ರಾರ್ಥನೆಯಲ್ಲಿ ಹರಕೆಯಷ್ಟೇ ಇರಲಿ, ಅದೂ ಮೊದಲನೆಯ ಅರ್ಥದ ಹರಕೆ. ಬೆಳೆದ ಮಕ್ಕಳು ತಲೆಯ ಮೇಲೆ ಕೈ ಬೇಡವೆಂದರೆ ಒತ್ತಾಯ ಬೇಡ. ಬಾಗಿಲ ಹೊರಗೆ ನಿಂತು ಹೇಳಿದ ಮಾತಿಗೂ ಅಷ್ಟೇ ಬೆಲೆಯಿದೆ. ಜ್ವರ ಬಂದಾಗ ಪ್ರಾರ್ಥಿಸಿರಿ, ವೈದ್ಯರಲ್ಲಿಗೂ ಕರೆದೊಯ್ಯಿರಿ. ಒಂದರ ಬದಲಿಗೆ ಇನ್ನೊಂದನ್ನು ಇಡಬೇಡಿರಿ. ಪ್ರಾರ್ಥಿಸಿ ಎದ್ದ ಮೇಲೆ ಕೈಗೊಂದು ಕೆಲಸವೂ ಇರಲಿ. ಹನ್ನಳು ಮಗ ಸಮುವೇಲನನ್ನು ಶೀಲೋವಿನ ದೇವಾಲಯದಲ್ಲಿ ಬಿಟ್ಟುಬಂದ ಮೇಲೆ ಪ್ರತಿವರ್ಷವೂ ಅವನಿಗೊಂದು ಪುಟ್ಟ ಅಂಗಿಯನ್ನು ಹೊಲಿದು ಒಯ್ಯುತ್ತಿದ್ದಳಂತೆ. ದೂರದಲ್ಲಿ ಬೆಳೆಯುತ್ತಿರುವ ಮಗನ ಅಳತೆಯನ್ನು ಮನಸ್ಸಿನಲ್ಲಿಯೇ ಊಹಿಸಿ, ಹೋದ ವರ್ಷಕ್ಕಿಂತ ಒಂದಿಷ್ಟು ದೊಡ್ಡದಾಗಿ ಕತ್ತರಿಸಿರಬೇಕು. ಅವಳ ಪ್ರಾರ್ಥನೆಯ ಮುಂದುವರಿದ ಭಾಗವೇ ಆ ಹೊಲಿಗೆ.

ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ಮಕ್ಕಳನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದನೆಂದು ಬರೆದಿದೆ. ಯಾವ ಮಾತುಗಳಿಂದ ಆಶೀರ್ವದಿಸಿದನೆಂಬುದನ್ನು ಬರೆದಿಲ್ಲ. ಕರೆತಂದವರನ್ನು ಶಿಷ್ಯರು ಗದರಿಸಿದ್ದು, ಅವನು ಅದಕ್ಕೆ ಬೇಸರಗೊಂಡದ್ದು ಎಲ್ಲವೂ ದಾಖಲಾಗಿದೆ; ಹರಸಿದ ಮಾತು ಮಾತ್ರ ಇಲ್ಲ. ಆದ್ದರಿಂದ, ನನ್ನ ತಂಗಿಯ ಮಗಳೇ, ಪಟ್ಟಿಯಲ್ಲಿ ಒಂದು ದಿನ ತಪ್ಪಿಹೋದರೆ ಗಾಬರಿಯಾಗಬೇಡ. ವಾಕ್ಯ ನೆನಪಾದರೆ ಹೇಳು. ನೆನಪಾಗದಿದ್ದರೆ ಕೈಯನ್ನಷ್ಟೇ ಇಡು, ಹಗುರವಾಗಿ ಇಡು. ಇದನ್ನು ಓದುತ್ತಿರುವ ನಿಮ್ಮೆಲ್ಲರ ಮೇಲೂ, ನಿಮ್ಮ ಮಕ್ಕಳ ಮೇಲೂ, ಷರತ್ತಿಲ್ಲದ ನನ್ನ ಆಶೀರ್ವಾದವಿದೆ.